ಟೀಪಾಟಿನ ಬಳೆ ಮತ್ತು ನಿನ್ನ ಸಹಿ

ಲೀಡ್ಸ್, ಮಂಗಳವಾರ

ಪ್ರೀತಿಯ ಎನಿಡ್ ಅಜ್ಜಿಗೆ, ಹೆದರಿಕೊಂಡೇ ಬರೆಯುತ್ತಿರುವ ಮೊಮ್ಮಗಳ ಅಪ್ಪುಗೆ.

ಮೊದಲು ಕೂತುಕೋ. ಕೆಟ್ಟ ಸುದ್ದಿಯನ್ನು ಹವಾಮಾನದ ನಂತರವೇ ಬರೆಯಬೇಕೆಂದು ನಮ್ಮ ಹಾಸ್ಟೆಲ್ ಮೇಟ್ರನ್ ಕಲಿಸಿದ್ದರು. ಇಲ್ಲಿ ಮೋಡ ಕವಿದಿದೆ. ಕ್ಲಿಫರ್ಡ್ ಅಜ್ಜ ಟೀಪಾಟಿನ ಬಳೆ ಮಾಡಿ ಮಾರುವ ಲೈಸೆನ್ಸನ್ನು ಒಂದು ಕಂಪನಿಗೆ ಬರೆದುಕೊಟ್ಟುಬಿಟ್ಟಿದ್ದಾನೆ. ತಪ್ಪು ಅವನದಲ್ಲ, ನನ್ನದು.

ಮನೆ ಬೇರೆ ಮಾಡಿದ ಮೇಲೆ ಒಂಬತ್ತು ವರ್ಷದಿಂದ ಸ್ಕಿಪ್ಟನ್ ಸಂತೆಯಲ್ಲಿ ನೀವಿಬ್ಬರೂ ಎದುರುಬದುರು ನಿಂತು ಅದೇ ಬಳೆ ಮಾರುತ್ತಿದ್ದೀರಿ. ಮೂತಿಗೆ ತೊಡಿಸಿದರೆ ಚಹಾ ತೊಟ್ಟಿಕ್ಕುವುದಿಲ್ಲ, ಮೇಜಿನ ಬಟ್ಟೆ ಕಲೆಯಾಗುವುದಿಲ್ಲ, ಅಷ್ಟೇ. ಅಷ್ಟು ಚಿಕ್ಕ ತಗಡಿಗೆ ಇಷ್ಟು ದೊಡ್ಡ ಜಗಳ! "ಬನ್ನಿ, ಅಸಲಿ ಬಳೆ ಇಲ್ಲಿದೆ! ಎದುರಿನದು ತೊಟ್ಟಿಕ್ಕುತ್ತೆ, ಮಾರೋರ ಮೂಗಿನ ಥರ!" ಅಂತ ನೀನು ಕೂಗುವುದು. "ಕಂಡುಹಿಡಿದೋನು ನಾನು ಕಣ್ರಪ್ಪಾ, ಆಯಮ್ಮ ಬರೀ ಟೀ ಸುರಿದಿದ್ದು!" ಅಂತ ಅವನು. ನನಗೆ ಲಾ ಸೀಟು ಸಿಕ್ಕ ದಿನ ನೀನು ಕೇಕು ಕತ್ತರಿಸುವ ಮೊದಲೇ ಕೇಳಿದ್ದೆ: "ಲೇ ರೋವೆನಾ, ಆ ಮುದುಕನ ಅಂಗಡಿ ಮುಚ್ಚಿಸೋಕೆ ಯಾವ ಸೆಕ್ಷನ್ ಇದೆ ನೋಡೇ."

ಯಾವುದೂ ಇಲ್ಲ ಅಜ್ಜಿ. ಪೇಟೆಂಟ್ ಇದ್ದರೆ ಹೊರಗಿನವರು ಮಾಡದಂತೆ, ಮಾರದಂತೆ ತಡೆಯಬಹುದು. ಅಜ್ಜ ಹೊರಗಿನವನಲ್ಲವಲ್ಲ. ಮದುವೆಯ ಇಪ್ಪತ್ತೈದನೇ ವರ್ಷದ ಖುಷಿಯಲ್ಲಿ ನೀವು ಅರ್ಜಿಗೆ ಇಬ್ಬರ ಹೆಸರೂ ಬರೆಸಿದಿರಿ, ಬೇರೆ ಒಪ್ಪಂದ ಮಾಡಿಕೊಳ್ಳಲಿಲ್ಲ. ಪ್ರೀತಿ ಉಕ್ಕುವಾಗ ಯಾರಿಗೆ ಅದೆಲ್ಲ ನೆನಪಿರುತ್ತದೆ? ಹಾಗಾಗಿ ಅದು ಇಬ್ಬರಿಗೂ ಸಮಪಾಲು. ಯಾರು ಬೇಕಾದರೂ ತಾವೇ ಮಾಡಿ ಮಾರಬಹುದು, ಇನ್ನೊಬ್ಬರನ್ನು ಕೇಳಬೇಕಿಲ್ಲ.

ನಾನು ಎಡವಿದ್ದು ಇಲ್ಲೇ. ಸ್ಟೋಕ್ ಕಡೆಯ ಪಿಂಗಾಣಿ ಕಂಪನಿಯೊಂದು ತನ್ನ ಟೀಪಾಟುಗಳಿಗೆಲ್ಲ ನಿಮ್ಮ ಬಳೆ ತೊಡಿಸುತ್ತೇನೆ ಎಂದು ಅಜ್ಜನಿಗೆ ಬರೆಯಿತು. ಅವನು ಫೋನಿನಲ್ಲಿ, "ಪುಟ್ಟಾ, ಅರ್ಧ ನಂದೇ ತಾನೆ?" ಅಂದ. ನಾನು ಮೂರು ವಾರದ ಲಾಯರು. "ನಿಂದೇ ಅಜ್ಜ, ಧಾರಾಳವಾಗಿ ಸೈನ್ ಹಾಕು" ಅಂದೆ. ಕೇಕು ಕತ್ತರಿಸಿ ನಮ್ಮ ತುಂಡನ್ನು ಯಾರಿಗಾದರೂ ಕೊಟ್ಟ ಹಾಗೆ ಅಂದುಕೊಂಡಿದ್ದೆ. ನಿನ್ನೆ ಕ್ಲಾಸಿನಲ್ಲಿ ಪ್ರೊಫೆಸರ್, ಜಂಟಿ ಒಡೆಯರಲ್ಲಿ ಒಬ್ಬರು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಲೈಸೆನ್ಸ್ ಕೊಡುವಂತಿಲ್ಲ ಅಂದರು. ನನ್ನ ಪೆನ್ನು ಬಿತ್ತು. ಹುಡುಕುವ ನೆಪದಲ್ಲಿ ಐದು ನಿಮಿಷ ಬೆಂಚಿನ ಕೆಳಗೇ ಕೂತಿದ್ದೆ.

ನಿನ್ನ ಒಪ್ಪಿಗೆಗೆ ಕಂಪನಿ ಈ ತಿಂಗಳ ಕೊನೆಯವರೆಗೆ ಕಾಯುತ್ತದಂತೆ. ನೀನು ಒಪ್ಪದಿದ್ದರೆ ಅಜ್ಜ ಮಾತಿಗೆ ತಪ್ಪಿದವನಾಗುತ್ತಾನೆ. ಅವರು ಅವನನ್ನು ಕೋರ್ಟಿಗೆ ಎಳೆಯಬಹುದು. ಇದನ್ನು ಹೇಳಿದರೆ ಅವನು, "ಅವಳ ಹತ್ರ ಸಹಿ ಕೇಳ್ಬೇಕಾ? ಅದಕ್ಕಿಂತ ಬಳೇನೇ ನುಂಗ್ತೀನಿ!" ಅಂತ ಫೋನ್ ಇಟ್ಟ.

ಆಮೇಲೆ ಲೈಬ್ರರಿಯಲ್ಲಿ ನಿಮ್ಮ ಪೇಟೆಂಟ್ ತೆಗೆದು ಓದಿದೆ. ಅದರಲ್ಲಿ ಹೊಸದು ಅಂತ ಇರುವುದು ಬಳೆಯಲ್ಲ, ಹನಿ ತಡೆಯಲು ಬಳೆಯ ಕೆಳಗೆ ಕೊರೆದ ಆ ಚಿಕ್ಕ ಕಚ್ಚು. ಮತ್ತೆ ಫೋನ್ ಮಾಡಿ, "ಅಜ್ಜ, ಕಚ್ಚು ಹಾಕಿದ್ದು ಯಾರು?" ಅಂದೆ.

"ಅವಳೇ. ಉಗುರು ಉಜ್ಜೋ ಅರದಲ್ಲಿ. ಅಲ್ಲೀವರೆಗೂ ನಂದು ಮೂರು ತಿಂಗಳು ತೊಟ್ಟಿಕ್ತಾನೇ ಇತ್ತು."

"ಮತ್ತೆ ಸಂತೇಲಿ ಯಾಕೆ ಹೇಳಲ್ಲ?"

"ಯಾರೂ ಕೇಳ್ಲಿಲ್ವಲ್ಲ ಪುಟ್ಟಾ."

ನೀನು ಮನೆ ಬಿಟ್ಟದ್ದು ಟೀ ಸುರಿದವಳು ಅನ್ನಿಸಿಕೊಳ್ಳಲಾರದೆ ಅಂತ ನನಗೆ ಆಗ ಹೊಳೆಯಿತು. ಹಾಗಂತ ಅವನಿಗೂ ಹೇಳಿದೆ.

ಒಪ್ಪಿಗೆ ಪತ್ರ ಇದರ ಜೊತೆಗಿದೆ. ಸಹಿ ಮಾಡಲೇಬೇಕು ಅಂತಿಲ್ಲ. ಬೇಡ ಅನ್ನುವುದೂ ನಿನ್ನ ಹಕ್ಕು. ಆದರೆ ಶನಿವಾರದ ಸಂತೆಯವರೆಗೆ ಪೆನ್ನು ಮುಟ್ಟಬೇಡ. ಅಜ್ಜ ಇವತ್ತು ಅಂಗಡಿಗೆ ಹೊಸ ಹಲಗೆ ಬರೆಯುತ್ತಿದ್ದಾನೆ. ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ ನಿನ್ನ ಹೆಸರು ಎಷ್ಟು ದಪ್ಪಗಿರಲಿ ಅಂತ ಕೇಳುತ್ತಿದ್ದಾನೆ. ಅದರಲ್ಲಿ ಇರುವುದು ಇಷ್ಟೇ: "ಕಚ್ಚು ಎನಿಡ್‌ಳದು. ಕಚ್ಚಿಲ್ಲದ ಬಳೆ ಬರೀ ತಗಡು."

ಆ ಹಲಗೆ ಸಂತೆಯ ಆಚೆ ಬದಿಯ ನಿನ್ನ ಅಂಗಡಿಯಿಂದಲೂ ಓದಲು ಬಂದರೆ ಮಾತ್ರ ಸಹಿ ಹಾಕು. ಈ ಸಲಹೆಯನ್ನು ಪುಸ್ತಕ ನೋಡಿಯೇ ಕೊಡುತ್ತಿದ್ದೇನೆ.

ನಿನ್ನ ಮೇಜಿನ ಬಟ್ಟೆ ಸದಾ ಬೆಳ್ಳಗಿರಲಿ, ಅಜ್ಜಿ.

ಇನ್ನು ಬಾಯಿ ಮುಚ್ಚಿಕೊಂಡು ಓದಲಿರುವ,
ರೋವೆನಾ