ಹಂಚಿಕಡ್ಡಿ ಪೊರಕೆ

ಹೊಸೂರು, ಗುರುವಾರ

ಅಮ್ಮನಿಗೆ,

ನಿನ್ನೆ ನೀನು ಮಧ್ಯದಲ್ಲೇ ಫೋನ್ ಇಟ್ಟುಬಿಟ್ಟೆ, ಅದಕ್ಕೇ ಬರೆಯುತ್ತಿದ್ದೇನೆ. "ನಿನ್ ಮಗ್ಳು ಕಂಪ್ನೀಲಿ ಕಸ ಗುಡಿಸ್ತಾವ್ಳೆ ಚೆನ್ನಕ್ಕ, ಡಿಪ್ಲೊಮಾ ಯಾಕ್ ಓದಿಸ್ದೆ?" ಎಂದು ನಮ್ಮ ಕ್ಯಾಂಟೀನಿಗೆ ಟೊಮೆಟೊ ತರುವ ಮುನಿಯಲ್ಲಪ್ಪ ಮಾವ ನಿನಗೆ ಹೇಳಿದ್ದು ಅರ್ಧ ನಿಜ. ಮಂಗಳವಾರ ಅವರಿಗೆ ಕಂಡ ಪೊರಕೆ ನನ್ನದೇ.

ನಮ್ಮ ಕಂಪನಿಯ ಕುಲುಮೆಯಲ್ಲಿ ಮೊದಲು ಡೀಸೆಲ್ ಸುಡುತ್ತಿದ್ದರು. ಈಗ ಸೋಲಾರ್ ಕರೆಂಟಿನಿಂದ ನೀರನ್ನು ಒಡೆದು, ಅದರಿಂದ ಬರುವ ಹೈಡ್ರೋಜನ್ ಸುಡುತ್ತೇವೆ. ಹೊಗೆಯಿಲ್ಲ. ಆದರೆ ಹಗಲಲ್ಲಿ ಅದರ ಉರಿ ಕಣ್ಣಿಗೆ ಕಾಣುವುದಿಲ್ಲ. ಪೈಪ್ ಸೋರಿ ಹೊತ್ತಿಕೊಂಡರೆ ಅಲಾರಂ ಕೂಗುತ್ತದೆ, ಯಾವ ಜಾಗ ಎಂದು ಹೇಳುವುದಿಲ್ಲ. ಆಗ ಒಬ್ಬರು ಪೊರಕೆಯನ್ನು ಮುಂದೆ ಚಾಚಿಕೊಂಡು ನಿಧಾನವಾಗಿ ನಡೆಯಬೇಕು. ಕಡ್ಡಿ ಎಲ್ಲಿ ಹೊತ್ತಿಕೊಳ್ಳುತ್ತದೋ ಅಲ್ಲಿ ಉರಿಯಿದೆ. ನಮ್ಮ ಪಾಳಿಯಲ್ಲಿ ಹಾಗೆ ನಡೆಯುವವಳು ನಾನು. ಅದಕ್ಕೆ ನನ್ನನ್ನು ಆರಿಸಿದ್ದು ಡಿಪ್ಲೊಮಾ ನೋಡಿಯೇ.

ಭಾನುವಾರದೊಳಗೆ ಕೆಲಸ ಬಿಟ್ಟು ಬಾ ಎಂದು ನೀನು ಹೇಳಿದೆ. ಭಾನುವಾರ ಬೆಳಗಿನ ಡೆಂಕಣಿಕೋಟೆ ಬಸ್ಸಿಗೆ ಊರಿಗೆ ಬರುತ್ತೇನೆ, ಕೆಲಸ ಬಿಟ್ಟಲ್ಲ. ನನಗೆ ನೀನು ಒಣಹುಲ್ಲಿನಿಂದ ಕಟ್ಟುವ ಹಂಚಿಕಡ್ಡಿ ಪೊರಕೆಯೇ ಬೇಕು. ಅಂಗಡಿಯ ಪ್ಲಾಸ್ಟಿಕ್ ಪೊರಕೆ ಹೊತ್ತಿಕೊಳ್ಳುವ ಮೊದಲು ಕರಗುತ್ತದೆ. ಹಳೆಯದು ಮಂಗಳವಾರ ಉರಿಯ ಜಾಗ ತೋರಿಸಿ ಸುಟ್ಟುಹೋಯಿತು. ಪೈಪ್ ಸರಿಮಾಡಲು ನನ್ನ ಹಿಂದೆ ಬರುತ್ತಿದ್ದ ಇಬ್ಬರೂ ಅವತ್ತು ಎಂದಿನ ಹೊತ್ತಿಗೇ ಮನೆ ಸೇರಿದರು.

ಎರಡು ಕಟ್ಟಿಡು. ಈ ಸಲ ಕೋಲು ಒಂದು ಮೊಳ ಹೆಚ್ಚು ಉದ್ದವಿರಲಿ.

ನಿನ್ನ ಮಗಳು,
ಉಷಾರಾಣಿ