ಮಶೇರಿ ತಿಕ್ಕಿ ಕೇಳಿದ ಕ್ಷಮೆ

ನಿಪ್ಪಾಣಿ, ೧೮ ನವೆಂಬರ್ ೨೦೨೫, ಮಂಗಳವಾರ

ಬೆಳಗಿನ ಜಾವ ಕೆಟ್ಟ ಕನಸು. ಮಶೇರಿ ಡಬ್ಬಿಯ ಮುಚ್ಚಳ ತೆಗೆಯಲು ಬರುತ್ತಿಲ್ಲ, ಒಳಗೆ ಸೊಸೆ ಉಜ್ವಲಾ ಅಳುತ್ತಿದ್ದಾಳೆ.

ಹಲ್ಲಿನ ಡಾಕ್ಟರು ಬಿಡು ಎಂದ ಮೇಲೆ, ಹೋದ ವಾರದಿಂದ ಆ ಹುರಿದ ತಂಬಾಕಿನ ಪುಡಿಯನ್ನು ಹಲ್ಲಿಗೆ ಮುಟ್ಟಿಸಿರಲಿಲ್ಲ. ತಂಬಾಕು ಮೆದುಳಿಗೆ ಹೋಗಿ ಮನಸ್ಸನ್ನು ತಣ್ಣಗೆ ಇಡುತ್ತದೆ, ಬಿಟ್ಟ ಹೊಸದರಲ್ಲಿ ಸಿಟ್ಟು ಬರುತ್ತದೆ ಅಂತ ಅವರೇ ಹೇಳಿದ್ದರು. ಗೊತ್ತಿದ್ದೂ, ಚಹಾ ಆರಿದೆಯೆಂದು ಉಜ್ವಲಾಗೆ, "ನಿಮ್ಮವ್ವ ಕಲಿಸಿದ್ದು ಇಷ್ಟ ಏನಬೇ?" ಅಂದುಬಿಟ್ಟೆ. ಅವಳವ್ವ ತೀರಿ ಇನ್ನೂ ವರ್ಷ ತುಂಬಿಲ್ಲ. ಅವಳು ಕಪ್ಪು ಎತ್ತಿಕೊಂಡು ಹೋದಳು.

ಮಧ್ಯಾಹ್ನ ತಡೆಯಲಾಗದೆ ಹಿತ್ತಲಲ್ಲಿ ಕದ್ದು ಮಶೇರಿ ತಿಕ್ಕಿದೆ. ತಲೆ ಜುಮ್ಮೆಂದಿತು. ಆಮೇಲೆ ಆ ಹುಡುಗಿಯ ಮೇಲೆ ಎಲ್ಲಿಂದ ಬಂತೋ ಅಷ್ಟು ಕರುಳು! ಹೋಗಿ ಕೈ ಹಿಡಿದು, "ತಪ್ಪಾತವ್ವಾ" ಅಂದೆ. ಕಣ್ಣಲ್ಲಿ ನೀರೂ ಬಂತು.

ಅವಳಿಗೆ ವಾಸನೆ ಬಡಿಯಿತು. "ಅತ್ತೀ, ಇದನ್ನ ನೀವು ಹೇಳಾಕತ್ತೀರೋ, ಮಶೇರಿ ಹೇಳಾಕತ್ತೈತೋ?" ಎಂದು ನಕ್ಕಳು. ನಗೆ ತುಟಿಯ ಮೇಲಷ್ಟೇ.

ನಾಚಿಕೆಯಿಂದ ಕುಗ್ಗಿಹೋದೆ. ಸಿಟ್ಟು ನನ್ನದಲ್ಲ, ತಂಬಾಕು ಬಿಟ್ಟದ್ದರಿಂದ ಬಂದದ್ದು ಅನ್ನುವುದು ಸುಲಭ. ಹಾಗಾದರೆ ಪ್ರೀತಿಯೂ ಅದರದ್ದೇ? ಇಷ್ಟು ವರ್ಷ ಎಲ್ಲರೂ ಹೊಗಳಿದ ನನ್ನ ಸಮಾಧಾನ ಡಬ್ಬಿಯಲ್ಲಿತ್ತೇ?

ಬಾಯಿ ತೊಳೆದು ಬಂದಿದ್ದೇನೆ. ಕರುಳು ಇನ್ನೂ ಚುರ್ ಅನ್ನುತ್ತಿದೆ, ಆದರೆ ಅಮಲು ಪೂರ್ತಿ ಇಳಿದಿದೆಯೋ ಇಲ್ಲವೋ. ನಾಳೆ ಎದ್ದಕೂಡಲೇ, ಡಬ್ಬಿ ಮುಟ್ಟುವ ಮೊದಲು, ಅವಳ ಮುಖ ನೋಡಿ ಇನ್ನೊಮ್ಮೆ ಪರೀಕ್ಷೆ ಮಾಡಿಕೊಳ್ಳಬೇಕು: ಈ ಪ್ರೀತಿ ಹೀಗೇ ಇದೆಯೋ, ಅಮಲಿನ ಜೊತೆ ಇಳಿದುಹೋಗಿದೆಯೋ.