ಅಜ್ಜ ಅಮ್ಮನಾದ ಪರೀಕ್ಷೆ

ಹಾಸ್ಟೆಲ್ ಕೋಣೆ
ಭಾನುವಾರ, ಫೆಬ್ರವರಿ ೯

ಪ್ರೀತಿಯ ಅಮ್ಮನಿಗೆ, ಜೋಡಿಸಿದ ಕೈಗಳನ್ನು ಮೂಗಿನವರೆಗೆ ಎತ್ತಿ ನಮಸ್ಕಾರ.

ಊಟವಾಯಿತೆ? ಫೋನಿದ್ದೂ ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ, ಆರೋಗ್ಯವಾಗಿದ್ದೇನೆ. ಚಿಕ್ಕಂದಿನಲ್ಲಿ ನಿನ್ನ ಅಂಗಡಿಯ ಡೋನಟ್ ಡಬ್ಬಿಯ ಮುಚ್ಚಳದ ಮೇಲೆ ನೀನು ತಿದ್ದಿಸಿದ ನಮ್ಮ ಖ್ಮೇರ್ ಭಾಷೆಯ ಅಕ್ಷರಗಳು ಇನ್ನೂ ಸೊಟ್ಟಗೇ ಇವೆ, ಸಹಿಸಿಕೋ.

ನಾನು ಪರೀಕ್ಷೆಯೊಂದರಲ್ಲಿ ಮುಗ್ಗರಿಸಿದ್ದೇನೆ ಅಮ್ಮ, ಅದೂ ನಮ್ಮದೇ ಭಾಷೆಯಲ್ಲಿ. ಇಲ್ಲಿ ಪದವಿ ಸಿಗಬೇಕಾದರೆ ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆ ಬರಬೇಕು. ಬರುತ್ತದೆ ಎನ್ನುವವರನ್ನು ಮೊದಲು ಮಾತಾಡಿಸಿ ನೋಡುತ್ತಾರೆ. ಚೆನ್ನಾಗಿ ಬಂದರೆ ತರಗತಿ ಮಾಫಿ, ಇಲ್ಲದಿದ್ದರೆ ಎರಡು ವರ್ಷ ಕೂತು ಕಲಿಯಬೇಕು. ಅಂದರೆ ಈ ಜೂನ್‌ನಲ್ಲಿ ಪದವಿ ಇಲ್ಲ. ಖ್ಮೇರ್ ತಾನೆ, ನೀರು ಕುಡಿದಷ್ಟು ಸುಲಭ ಎಂದು ಕೊನೆಯ ವರ್ಷದವರೆಗೂ ಮುಂದೂಡಿದ್ದೆ.

ಪರೀಕ್ಷೆ ಮಾಡಿದವರು ವೂಥಿ ಅಜ್ಜ. ನಮ್ಮವರೇ, ಹಿಂದೆ ನಮ್ಮ ದೇಶದ ಬಟಂಬಾಂಗ್ ಊರಿನಲ್ಲಿ ಮೇಷ್ಟ್ರಾಗಿದ್ದರಂತೆ. ಕೈಮುಗಿದು ತಲೆ ತಗ್ಗಿಸಿ ಕೂತೆ. "ಊಟ ಆಯ್ತೇನಮ್ಮ?" ಎಂದರು. ನಿನ್ನ ಅಂಗಡಿ, ಹುಳಿ ಮೀನಿನ ಸಾರು, ಹೊಸವರ್ಷಕ್ಕೆ ದೇವಸ್ಥಾನದಲ್ಲಿ ಕುಣಿದದ್ದು, ಎಲ್ಲ ಹೇಳಿದೆ. ಅಜ್ಜ ನಕ್ಕಿದ್ದೇ ನಕ್ಕಿದ್ದು. ಗೆದ್ದೆ ಅಂದುಕೊಂಡೆ.

ಆಮೇಲೆ ಒಂದು ಚೀಟಿ ತೆಗೆದರು, ಅದರಲ್ಲಿ ಆಡಿ ತೋರಿಸಬೇಕಾದ ಒಂದು ಸಂದರ್ಭ. ನನಗೆ ಇಷ್ಟವಿಲ್ಲದ ಕೆಲಸವನ್ನು ತಾಯಿ ಹೇಳುತ್ತಾಳೆ, ನಾನು ಒಪ್ಪದೆ ವಾದಿಸಬೇಕು. ತಾಯಿಯ ಪಾತ್ರ ಅಜ್ಜನದೇ. ಕನ್ನಡಕ ಸರಿಮಾಡಿಕೊಂಡು ಶುರುಮಾಡಿಯೇಬಿಟ್ಟರು: "ಓದು ಮುಗೀತಲ್ಲ ಮಗಳೇ, ಬಂದು ಅಂಗಡಿ ನೋಡ್ಕೋ. ನಂಗೂ ಕೈಲಾಗಲ್ಲ ಈಗ."

ನಾನು "ಹೂಂ" ಎಂದೆ.

"ಬರ್ತೀಯ ತಾನೆ?"

"ಹೂಂ ಅಮ್ಮ."

ಅಜ್ಜ ಬಗ್ಗಿ ಪಿಸುಗುಟ್ಟಿದರು: "ಬೇಡ ಅನ್ನೇ ತಾಯಿ, ಪರೀಕ್ಷೆ ಇದು!" ನೆಲ ನೋಡುತ್ತಾ ಅದಕ್ಕೂ ಹೂಂ ಅಂದೆ. ಫಲಿತಾಂಶ ಬಂತು: ಮೊದಲನೆಯ ತರಗತಿಯಿಂದ ಕೂತು ಕಲಿಯಬೇಕು. ಸ್ವಂತ ಅಭಿಪ್ರಾಯ ಹೇಳುವಷ್ಟು ಭಾಷೆ ಇಲ್ಲವಂತೆ!

ಅಂದಿನಿಂದ ತಲೆ ಕೆಟ್ಟುಹೋಗಿದೆ. ನನಗೆ ಬರದಿರುವುದು ಖ್ಮೇರೋ, ಅಥವಾ 'ಬೇಡ' ಅನ್ನುವುದೋ? ಇಂಗ್ಲಿಷಿನಲ್ಲಿ ಬಸ್ಸಿನವನ ಹತ್ತಿರ, ಪ್ರೊಫೆಸರರ ಹತ್ತಿರ ಜಗಳವಾಡುತ್ತೇನೆ. ಆದರೆ ಹಿರಿಯರ ಮುಂದೆ ನಮ್ಮ ಭಾಷೆಯಲ್ಲಿ ಬಾಯಿ ತೆರೆದರೆ ಹೂಂ ಬಿಟ್ಟು ಬೇರೇನೂ ಬರುವುದಿಲ್ಲ. ಎದುರಾಡಬಾರದು ಎಂದು ಕಲಿಸಿದವಳು ನೀನೇ. ನಾನೂ ಚೆನ್ನಾಗಿಯೇ ಕಲಿತೆ. ಈಗ ಅದಕ್ಕೇ ಅಂಕ ಕಳೆದಿದ್ದಾರೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ?

ಕೋಣೆಯ ಗೆಳತಿ ಮೆರೆಡಿತ್ ತನ್ನಮ್ಮನ ಮೇಲೆ ಫೋನಿನಲ್ಲೇ ಕಿರುಚಾಡುತ್ತಾಳೆ. ಬೇಜಾರಾಗಲ್ವಾ ಅವರಿಗೆ ಎಂದು ಕೇಳಿದೆ. "ಆಗತ್ತೆ. ಆಮೇಲೆ ಊಟಕ್ಕೇನು ಮಾಡ್ಕೊಂಡೆ ಅಂತ ಕೇಳ್ತಾಳೆ," ಎಂದಳು. ಇಷ್ಟೇನಾ ಅಮ್ಮ? ನಮ್ಮ ಮನೆಯಲ್ಲೂ ಇಷ್ಟಕ್ಕೇ ಮುಗಿಯುತ್ತದೆಯೋ, ಅಥವಾ ನೀನು ಮಾತೇ ಬಿಟ್ಟುಬಿಡುತ್ತೀಯೋ? ಎಂದೂ ಮಾಡಿ ನೋಡಿಲ್ಲವಲ್ಲ, ನನಗೆ ಗೊತ್ತಾಗುತ್ತಿಲ್ಲ.

ಕೈಕಾಲು ಹಿಡಿದ ಮೇಲೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ, ಬರುವ ವಾರ. ಈ ಸಲವೂ ಅಜ್ಜನೇ. "ಚೀಟಿ ಬದಲಾಯಿಸಲ್ಲ. ಮನೇಲಿ ಅಭ್ಯಾಸ ಮಾಡ್ಕೊಂಡು ಬಾ," ಎಂದಿದ್ದಾರೆ.

ಅಂಗಡಿಯ ಹೊಸ ಬೋರ್ಡಿನ ಫೋಟೋವನ್ನು ಚಿಕ್ಕಮ್ಮ ಕಳಿಸಿದ್ದಳು. ನಿನ್ನ ಹೆಸರಿನ ಪಕ್ಕದಲ್ಲಿ ನನ್ನ ಹೆಸರು. ಬಣ್ಣ ತುಂಬ ಚೆನ್ನಾಗಿದೆ. ನೋಡಿ ಅತ್ತುಬಿಟ್ಟೆ, ಸಂತೋಷಕ್ಕೋ ಯಾಕೋ. ಮಂಡಿ ನೋವಿಗೆ ಎಣ್ಣೆ ಹಚ್ಚಿಕೋ.

ನಿನ್ನ ಮಗಳು,
ಕನ್ನಿಥಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಮ್ಮ, ಅಂಗಡಿಗೆ ನಾನು ಬರುವುದಿಲ್ಲ. ಪದವಿ ಕೈಗೆ ಬಂದರೆ ಜುಲೈನಿಂದ ಅಲಾಸ್ಕಾದಲ್ಲಿ ಕೆಲಸವಿದೆ, ಸಮುದ್ರದಿಂದ ನದಿಗೆ ಮರಳುವ ಮೀನುಗಳ ಅಧ್ಯಯನ ಮಾಡುವುದು. ಒಪ್ಪಿಕೊಂಡು ತಿಂಗಳಾಯಿತು. ಬೋರ್ಡಿನಿಂದ ನನ್ನ ಹೆಸರು ತೆಗೆಸು. ಇದು ಪರೀಕ್ಷೆಯ ಅಭ್ಯಾಸಕ್ಕೆ ಬರೆದದ್ದಲ್ಲ. ಕಾಗದ ತಲುಪಿದ ಮೇಲೆ ಫೋನ್ ಮಾಡು, ಬೈಯುವಷ್ಟು ಬೈ. ಆದರೆ "ಬರ್ತೀಯ ತಾನೆ?" ಅಂತ ಮಾತ್ರ ಕೇಳಬೇಡ. ನಿನ್ನ ದನಿ ಕೇಳಿದರೆ ಹೂಂ ಅಂದುಬಿಡುತ್ತೇನೆ.